ಬಾಲ ಬಿದ್ದ ಹೆಣ್ಣುಕುದುರೆ

ಗೊಣಗಣ್ಣ ಎಂದು ಅವನಿಗೆ ಹೆಸರಿಟ್ಟಿದ್ದು ಅವನ ಭಾವನೇ. ಸವಾರಿ ಶಾಲೆಯ ಲಾಯದಲ್ಲಿ ಇಪ್ಪತ್ತೆರಡು ವರ್ಷ ಕುದುರೆಗಳ ಮೈ ಉಜ್ಜಿ, ಗೊರಸು ಕೆರೆದು, ಲದ್ದಿ ಎತ್ತಿದ ಆಳು ಅವನು. ಮನುಷ್ಯರ ಜೊತೆ ಅವನಿಗೆ ಹೊಂದಿಕೆಯೇ ಇರಲಿಲ್ಲ. ಸಿಟ್ಟು ಸದಾ ಮೂಗಿನ ತುದಿಯಲ್ಲಿ. ಇವನ ಬಾಯಲ್ಲಿ ಒಂದು ಒಳ್ಳೆ ಮಾತು ಕೇಳಬೇಕಾದರೆ ಕುದುರೆಯಾಗಿ ಹುಟ್ಟಬೇಕು ಎಂದು ಹೆಂಡತಿಯೇ ಹೇಳುತ್ತಿದ್ದಳು. ಭಾವ, ಅಂದರೆ ಅಕ್ಕನ ಗಂಡ, ಅದೇ ಲಾಯದ ಉಗ್ರಾಣ ನೋಡಿಕೊಳ್ಳುತ್ತಿದ್ದ. ಈ ಕೆಲಸ ಕೊಡಿಸಿದ್ದು ತಾನು ಎಂಬುದನ್ನು ಅವನು ಒಂದು ವಾರವೂ ಮರೆತವನಲ್ಲ, ಇವನಿಗೆ ಮರೆಯಲು ಬಿಟ್ಟವನೂ ಅಲ್ಲ. ಇಬ್ಬರದೂ ಎಣ್ಣೆ ಸೀಗೇಕಾಯಿ.

ಗೊಣಗಣ್ಣನ ಪಾಲಿಗೆ ಆರು ಕುದುರೆಗಳಿದ್ದವು. ಅವುಗಳಲ್ಲೊಂದು ಬೂದುಬಣ್ಣದ ಹೆಣ್ಣುಕುದುರೆ. ಹದಿನಾಲ್ಕು ವರ್ಷದ್ದು, ಸಾಧು. ಸವಾರಿ ಕಲಿಯಲು ಬಂದವರನ್ನು ಮೊದಲ ದಿನ ಕೂರಿಸುತ್ತಿದ್ದುದು ಅದರ ಮೇಲೆಯೇ. ಒಂದು ಬೆಳಿಗ್ಗೆ ಅದರ ಹಿಂಗಾಲುಗಳ ಒಳಮಗ್ಗುಲು ಒದ್ದೆಯಾಗಿತ್ತು. ತೊಳೆದ. ಸಂಜೆಗೆ ಮತ್ತೆ ಒದ್ದೆ. ನಾಲ್ಕು ದಿನದಲ್ಲಿ ಅಲ್ಲಿನ ಕೂದಲು ಉದುರಿ, ಚರ್ಮ ಸುಟ್ಟಂತೆ ಕೆಂಪಾಯಿತು. ಮೂತ್ರ ಒಂದೇ ಸಲಕ್ಕೆ ಬೀಳುತ್ತಿರಲಿಲ್ಲ, ನಡೆದಾಗ, ಕೆಮ್ಮಿದಾಗ, ಸುಮ್ಮನೆ ನಿಂತಾಗಲೂ ತೊಟ್ಟಿಕ್ಕುತ್ತಿತ್ತು. ದಿನಕ್ಕೆ ಮೂರು ಸಲ ಹುಲ್ಲುಹಾಸು ಬದಲಿಸಿದರೂ ಅದು ನಿಲ್ಲುವ ಜಾಗದ ನಾತ ಅಂಗಳ ದಾಟಿ ಕಚೇರಿಯ ಕಿಟಕಿಗೆ ಹೋಗುತ್ತಿತ್ತು.

ಮ್ಯಾನೇಜರು ಮೂಗಿಗೆ ಕರವಸ್ತ್ರ ಹಿಡಿದು ಬಂದರು. ಆಗ ಅಂಗಳದಲ್ಲಿ ಇಡೀ ಲಾಯದವರೂ ಇದ್ದರು, ಪಾಠಕ್ಕೆ ಬಂದ ನಾಲ್ಕು ಜನವೂ ಇದ್ದರು.

"ಏನಯ್ಯಾ ಇದು? ಕುದುರೆ ಲಾಯಾನೋ, ಬಸ್‌ ಸ್ಟ್ಯಾಂಡ್‌ ಗೋಡೆಯೋ?"

"ತೊಳೀತಾನೇ ಇದ್ದೀನಿ ಸಾರ್. ಅದಕ್ಕೇನೋ ಆಗಿದೆ. ಡಾಕ್ಟರಿಗೆ ತೋರಿಸಿ."

"ಅದಕ್ಕೇನೂ ಆಗಿಲ್ಲ. ನಿನ್ನ ಮೈಗೆ ಸೋಮಾರಿತನ ಬಂದಿದೆ, ಅಷ್ಟೇ." ಮ್ಯಾನೇಜರು ಉಗ್ರಾಣದ ಕಡೆ ತಿರುಗಿದರು. "ಹುಲ್ಲು ಸರಿಯಾಗಿ ಕೊಡ್ತಿದ್ದೀಯೇನಪ್ಪ?"

ಭಾವ ಬಾಗಿಲಲ್ಲಿ ನಿಂತು, ಇವನ ಮುಖ ನೋಡದೆ ಹೇಳಿದ: "ನಾನು ಕೊಡೋದು ಕೊಡ್ತೀನಿ ಸಾರ್. ಅವನು ಹಾಸ್ತಾನೋ ಬಿಡ್ತಾನೋ, ನನಗೇನು ಗೊತ್ತು."

ಗೊತ್ತಿತ್ತು. ದಿನಕ್ಕೆ ಮೂರು ಸಲ ಹುಲ್ಲಿನ ಹೊರೆ ಹೊತ್ತು ಅದೇ ಬಾಗಿಲಿಂದ ಇವನು ಹೋಗುತ್ತಿದ್ದುದನ್ನು ಅವನು ಕಣ್ಣಾರೆ ಕಂಡಿದ್ದ. ಗೊಣಗಣ್ಣನನ್ನು ಮ್ಯಾನೇಜರ ಬೈಗುಳಕ್ಕಿಂತ ಆ ಮಾತೇ ಹೆಚ್ಚು ಸುಟ್ಟಿತು. ಆವತ್ತೇ ಕುದುರೆಯನ್ನು ಅವನ ಕೈಯಿಂದ ಬಿಡಿಸಿ ಇನ್ನೊಬ್ಬ ಆಳಿಗೆ ಕೊಟ್ಟರು. ಇವನಿಗೆ ಲದ್ದಿ ಗಾಡಿ ತಳ್ಳುವ ಕೆಲಸ.

ಮನೆಯಲ್ಲಿ ಹೆಂಡತಿ, "ಹೋಗಲಿ ಬಿಡಿ, ಅಕ್ಕನ ಮುಖ ನೋಡಿ ಸುಮ್ಮನಿರಿ" ಎಂದಳು.

"ಅಕ್ಕನ ಮುಖ ನೋಡೀನೋಡೀನೇ ಇಪ್ಪತ್ತೆರಡು ವರ್ಷ ಸುಮ್ಮನಿದ್ದೆ. ಸಾಕು."

ಹತ್ತು ದಿನವಾದರೂ ನಾತ ಹೋಗಲಿಲ್ಲ. ಹೊಸ ಆಳು ತೊಳೆದು ತೊಳೆದು ಸುಸ್ತಾಗಿ, ಕುದುರೆಗೇ ಎರಡೇಟು ಬಿಟ್ಟ. ಗೊಣಗಣ್ಣ ಗಾಡಿ ನಿಲ್ಲಿಸಿ ನೋಡುತ್ತಿದ್ದ. ಏಟು ಬಿದ್ದದ್ದು ಬಾಲದ ಬುಡಕ್ಕೆ. ಕುದುರೆ ತಿರುಗಿಯೂ ನೋಡಲಿಲ್ಲ. ಬಾಲ ಒದ್ದೆ ಹಗ್ಗದಂತೆ ಜೋತುಬಿದ್ದಿತ್ತು. ಅದರ ಬುಡದಲ್ಲಿ ನೊಣ ಮುತ್ತಿಕೊಂಡಿದ್ದರೂ ಒಂದು ಸಲವೂ ಬೀಸಲಿಲ್ಲ. ಅವನು ಆಳಿನ ಕೈಯಿಂದ ಕೋಲು ಕಿತ್ತುಕೊಂಡು ಮುರಿದು ಗಾಡಿಗೆ ಎಸೆದ. ಆಮೇಲೆ ಬಾಲ ಎತ್ತಿ ಬಿಟ್ಟ. ಸತ್ತ ಹಾವಿನಂತೆ ಕೆಳಗೆ ಬಿತ್ತು.

ಮರುದಿನ ಬೇರೆ ಕುದುರೆಯ ಕಾಲು ನೋಡಲು ಪಶುವೈದ್ಯೆ ಬಂದಾಗ ಅವನು ಗೇಟಿನಲ್ಲಿ ಗಾಡಿ ಅಡ್ಡ ಹಾಕಿ ಅವರ ಸ್ಕೂಟರ್ ನಿಲ್ಲಿಸಿದ.

"ಅಮ್ಮಾ, ಬೂದಿ ಕುದುರೆ ನೋಡದೆ ನಿಮ್ಮನ್ನ ಬಿಡಲ್ಲ."

"ಮ್ಯಾನೇಜರು ಹೇಳಿಲ್ಲವಲ್ಲ?"

"ಅವರಿಗೆ ಮೂಗು ಮಾತ್ರ ಇದೆ, ಕಣ್ಣಿಲ್ಲ. ಅದರ ಬಾಲ ಸತ್ತಿದೆ."

ವೈದ್ಯೆ ಸ್ಕೂಟರಿಂದ ಇಳಿದರು. ಸೂಜಿಯ ಮೊನೆಯಿಂದ ಬಾಲದ ಸುತ್ತ ಚುಚ್ಚಿದರು, ಕುದುರೆ ಅಲುಗಲಿಲ್ಲ. ತೊಡೆಯ ಹೊರಮಗ್ಗುಲಿಗೆ ಚುಚ್ಚಿದ ಕೂಡಲೇ ಕಾಲೆತ್ತಿತು. ಉದ್ದನೆಯ ಗ್ಲೌಸು ಹಾಕಿ ಹಿಂದಿನಿಂದ ಕೈ ಒಳಗಿಟ್ಟು, ಮೊದಲು ಸಿಕ್ಕಿಕೊಂಡಿದ್ದ ಲದ್ದಿಯನ್ನು ಹೊರಗೆ ತೆಗೆದರು. ಆಮೇಲೆ ಮೂತ್ರಚೀಲ ತಡವಿ, ಅದರೊಳಕ್ಕೆ ರಬ್ಬರಿನ ನಳಿಗೆ ತೂರಿಸಿದರು. ಎರಡು ಬಕೆಟ್ಟು ತುಂಬಿತು. ತಳದಲ್ಲಿ ಕೆಸರಿನಂಥ ಗಷ್ಟು.

ಅಷ್ಟರಲ್ಲಿ ಮ್ಯಾನೇಜರು ಓಡಿಬಂದಿದ್ದರು.

"ಇದು ಹೊಯ್ಯುತ್ತಿಲ್ಲ, ಹೊಯ್ಯೋಕಾಗದೆ ತುಂಬಿ ತುಳುಕ್ತಿದೆ" ಎಂದರು ವೈದ್ಯೆ. "ಬೆನ್ನುಹುರಿಯ ತುದಿಯಲ್ಲಿ ನರಗಳ ಗೊಂಚಲಿದೆ. ಅದು ಕೆಟ್ಟಿದೆ. ಬಾಲ, ಚೀಲ, ಹಿಂಬಾಗಿಲು ಮೂರಕ್ಕೂ ಅಲ್ಲಿಂದಲೇ ಅಪ್ಪಣೆ ಹೋಗಬೇಕು. ಬೆನ್ನಿಗೆ ಪೆಟ್ಟು ಬಿದ್ದ ನಾಯಿಗಳಲ್ಲೂ ಇದನ್ನ ನೋಡ್ತೀವಿ. ನಾಯಿಯಾದರೆ ಮನೆಯವರೇ ಹೊಟ್ಟೆ ಒತ್ತಿ ಚೀಲ ಖಾಲಿ ಮಾಡೋದು ಕಲೀಬಹುದು. ಇದು ಕುದುರೆ, ನಳಿಗೇನೇ ಗತಿ."

"ಯಾವಾಗ ವಾಸಿಯಾಗುತ್ತೆ?" ಮ್ಯಾನೇಜರು ಕೇಳಿದರು.

"ಆಗುತ್ತೆ ಅಂತ ನಾನು ಹೇಳಿಲ್ಲ."

ಗೊಣಗಣ್ಣ ಮುಂದೆ ಬಂದ. "ಸಾರ್, ಅವತ್ತು ಎಲ್ಲರೆದುರಿಗೆ ಸೋಮಾರಿ ಅಂದಿರಿ. ಈಗ ಎಲ್ಲರೆದುರಿಗೇ ಆ ಮಾತು ವಾಪಸ್‌ ತಗೊಳ್ಳಿ."

"ಕೆಲಸ ನೋಡು ಹೋಗು" ಎಂದು ಮ್ಯಾನೇಜರು ಬೆನ್ನು ತಿರುಗಿಸಿದರು.

ಅವನು ವೈದ್ಯೆಯಿಂದ ಎರಡು ಸಾಲು ಬರೆಸಿಕೊಂಡ: ಇದು ನರದ ಕಾಯಿಲೆ, ನೋಡಿಕೊಂಡವರ ತಪ್ಪಿಲ್ಲ. ಸಹಿ, ಮೊಹರು. ಹತ್ತು ಜೆರಾಕ್ಸ್ ಮಾಡಿಸಿ, ಒಂದನ್ನು ಉಗ್ರಾಣದ ಬಾಗಿಲಿಗೆ ಮೈದಾ ಹಿಟ್ಟಿನ ಅಂಟಿನಿಂದ ಮೆತ್ತಿದ. ಮ್ಯಾನೇಜರು ಹರಿದು ಹಾಕಿದರು. ಅವನು ಇನ್ನೊಂದು ಅಂಟಿಸಿದ. ಅದನ್ನು ಭಾವ ಕೆರೆದು ತೆಗೆದ. ಮೂರನೆಯದು ಬಂತು. ಆರನೆಯದಕ್ಕೆ ಇಬ್ಬರೂ ಸೋತರು. ಭಾವ ದಿನಕ್ಕೆ ಇಪ್ಪತ್ತು ಸಲ ಆ ಬಾಗಿಲು ದಾಟಬೇಕಿತ್ತು. ಒಂದು ಸಂಜೆ ತಡೆಯಲಾರದೆ ಕೇಳಿದ.

"ಇದನ್ನ ಎಷ್ಟು ದಿನ ಇಡ್ತೀಯಾ?"

"ನಿಮಗೆ ಓದೋಕೆ ಬರೋವರೆಗೂ ಭಾವ."

ಕುದುರೆ ಮತ್ತೆ ಅವನ ಕೈಗೇ ಬಂತು, ಬೇರೆ ಯಾರಿಗೂ ಬೇಡವಾಗಿತ್ತು. ವೈದ್ಯೆ ದಿನಾ ಬಂದು ನಳಿಗೆ ಹಾಕುವರು. ಇವನು ಉಗುರುಬೆಚ್ಚಗಿನ ನೀರಲ್ಲಿ ಕಾಲು ತೊಳೆದು, ಒರೆಸಿ, ವ್ಯಾಸಲೀನು ಬಳಿಯುವನು. ಗೊಣಗಾಟ ಮಾತ್ರ ನಿಲ್ಲಲಿಲ್ಲ. ಮ್ಯಾನೇಜರ ವಂಶವನ್ನೂ ಭಾವನ ಬುದ್ಧಿಯನ್ನೂ ಅದರ ಕಿವಿಗೆ ಒಪ್ಪಿಸುತ್ತಲೇ ಕೈಕೆಲಸ ಮಾಡುವನು. ಏಳು ವಾರ ಹೀಗೆ ನಡೆಯಿತು. ಕೊನೆಗೆ ಹಿಂಗಾಲು ಎಳೆಯತೊಡಗಿತು, ಜ್ವರ ಹತ್ತಿತು. ಇನ್ನು ನೋಯಿಸುವುದು ಬೇಡ, ಸೂಜಿ ಹಾಕಿ ಕಳಿಸಿಬಿಡೋಣ ಎಂದು ವೈದ್ಯೆ ಹೇಳಿದ ದಿನ ಅವನು ತಕರಾರು ತೆಗೆಯಲಿಲ್ಲ. ಆ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಅದನ್ನು ತಲೆಯಿಂದ ಗೊರಸಿನವರೆಗೆ ತೊಳೆದ. ಬಾಲದ ಕೂದಲನ್ನು ಬಾಚಿ ಬಿಡಿಸಿದ.

ಸೂಜಿ ಚುಚ್ಚುವಾಗ ಮ್ಯಾನೇಜರು ದೂರದಲ್ಲಿ ನಿಂತು, "ಪಾಪ, ಒಳ್ಳೆ ಕುದುರೆ" ಎಂದರು.

"ಹತ್ತಿರಾನೇ ಬನ್ನಿ ಸಾರ್. ಇವತ್ತು ವಾಸನೆ ಇಲ್ಲ."

ಅವರು ಬರಲಿಲ್ಲ. ಇವನು ಅದರ ಕತ್ತಿಗೆ ಕೈಹಾಕಿಕೊಂಡು, ಅದು ಕುಸಿಯುವವರೆಗೂ ಜೊತೆಗೇ ಬಗ್ಗಿದ.

ಆಮೇಲೆ ಅಕ್ಕ ಎರಡು ಸಲ ಮನೆಗೆ ಬಂದು ಅತ್ತಳು, ರಾಜಿ ಮಾಡಿಕೋ ಎಂದಳು. ಅವಳಿಗೆ ಮಣೆ ಹಾಕಿ ಊಟ ಬಡಿಸಿದ. ಭಾವ ಬಂದದ್ದು ಒಂದೇ ಸಲ, ಹೊಸಿಲಾಚೆ ನಿಂತು, "ನನ್ನ ಕೆಲಸ ಹೋಗುತ್ತಿತ್ತು ಕಣೋ, ಅದಕ್ಕೇ ಹಾಗಂದೆ" ಎಂದ.

"ಗೊತ್ತು" ಎಂದು ಗೊಣಗಣ್ಣ ಬಾಗಿಲು ಹಾಕಿಕೊಂಡ.