ಇಬ್ಬರು ಫಕೀರಪ್ಪರು ಮತ್ತು ನನ್ನ ಒಂದು ತಾಸು

ಬೆಟಗೇರಿಯ ನಮ್ಮ ಓಣಿಯಲ್ಲಿ ಮೊನ್ನೆ ಎದುರು ಮನೆಯವರು ಗೋಡೆಗೆ ಸುಣ್ಣ ಹಚ್ಚಿಸಿದರು. ಈಗ ಎಲ್ಲರೂ ಡಬ್ಬಿಯ ಬಣ್ಣ ಬಳಿಸುವವರೇ. ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿದು ಎಷ್ಟು ವರ್ಷವಾಗಿತ್ತೋ. ನಿಮಗೆ ಆ ವಾಸನೆಗೆ ಹಬ್ಬ ನೆನಪಾಗಬಹುದು. ನನಗೆ ಮಾತ್ರ ನಾನು ಮಾಡಿದ ಒಂದು ತಪ್ಪು ನೆನಪಾಗುತ್ತದೆ. ಯಾಕೆಂದು ಹೇಳುತ್ತೇನೆ, ಕುಳಿತುಕೊಳ್ಳಿ.

ನಾನು ಬಹಳ ವರ್ಷ ಜೈಲಿನಲ್ಲಿದ್ದವನು. ಹೀಗೆಂದರೆ ಹೊಸಬರು ತುಸು ಹಿಂದೆ ಸರಿಯುತ್ತಾರೆ. "ಅಧಿಕಾರಿಯಾಗಿ" ಎಂದು ಆಮೇಲೆ ಸೇರಿಸುತ್ತೇನೆ. ಆಗಲೂ ಪೂರ್ತಿ ಹತ್ತಿರ ಬರುವುದಿಲ್ಲ. ನಮ್ಮ ಸೀಮೆಯದೇ ಒಂದು ಸಣ್ಣ ಜೈಲು, ಊರಿನ ಹೆಸರು ಬೇಡ. ಒಳಗೆ ಎಪ್ಪತ್ತು ಎಂಬತ್ತು ಜನ, ಹೆಚ್ಚಿನವರು ವಿಚಾರಣೆ ಮುಗಿಯದವರು. ಜೈಲು ನೋಡಿಕೊಳ್ಳುವುದೆಂದರೆ ಬಂದೂಕು, ಬೇಡಿ ಎಂದುಕೊಂಡಿದ್ದೀರಿ ನೀವು. ಖರೆ ಹೇಳಬೇಕೆಂದರೆ ಅದು ದೊಡ್ಡ ಮನೆಯ ಹಿರೇಸೊಸೆಯ ಕೆಲಸ. ಎಷ್ಟು ರೊಟ್ಟಿ ಬೇಕು, ಯಾರಿಗೆ ಜ್ವರ, ಯಾರು ಯಾರೊಡನೆ ಮಾತು ಬಿಟ್ಟಿದ್ದಾರೆ, ನಳಕ್ಕೆ ನೀರು ಬಂತೋ ಇಲ್ಲವೋ. ಸಂಜೆ ಆರಕ್ಕೆ ತಲೆ ಎಣಿಸಿ ಕೀಲಿ ಹಾಕುವಾಗ ಎಣಿಕೆ ಸರಿಬಂದರೆ ಆ ದಿನ ಪಾರಾದಂತೆ.

ಆ ವರ್ಷ ನಮ್ಮಲ್ಲಿ ಇಬ್ಬರು ಫಕೀರಪ್ಪರಿದ್ದರು. ಶಿರಹಟ್ಟಿ ಕಡೆ ಫಕೀರಪ್ಪ ಎಂದು ಕೂಗಿದರೆ ಓಣಿಗಿಬ್ಬರು ತಿರುಗಿ ನೋಡುತ್ತಾರೆ, ಅದರಲ್ಲಿ ವಿಶೇಷವಿಲ್ಲ. ಒಬ್ಬ ಆ ಕಡೆಯದೇ ಮಾಗಡಿ ಹತ್ತಿರದ ಹಳ್ಳಿಯವನು, ಉದ್ದ ಆಳು. ಹೊಲದ ಬದುವಿನ ಜಗಳದಲ್ಲಿ ಬಂದವನು. ಇನ್ನೊಬ್ಬ ಮುಂಡರಗಿ ಕಡೆಯವನು, ಗಿಡ್ಡ. ಯಾರದೋ ಬಣವೆಗೆ ಬೆಂಕಿ ಹಚ್ಚಿದನೆಂಬ ಆರೋಪ. ಉದ್ದ ಫಕೀರಪ್ಪನ ತಂದೆ ಹನುಮಪ್ಪ. ಗಿಡ್ಡ ಫಕೀರಪ್ಪನ ತಂದೆ ಹನುಮಂತಪ್ಪ.

ಗಿಡ್ಡ ಫಕೀರಪ್ಪನಿಗೆ ಜಾಮೀನು ಸಿಕ್ಕು ಬಿಡುಗಡೆಯ ಆದೇಶ ಬಂದಿತ್ತು. ಅದೇ ವಾರ ಮೇಲಿನ ಸಾಹೇಬರು ತಪಾಸಣೆಗೆ ಬರುವವರಿದ್ದರು. ಮುಂಜಾನೆಯಿಂದ ಗೋಡೆಗೆ ಸುಣ್ಣ ನಡೆದಿತ್ತು, ನನ್ನ ಕಣ್ಣೆಲ್ಲ ಗೋಡೆಯ ಮೇಲೆ. ವಾರ್ಡರ್ ಒಳಗೆ ಹೋಗಿ, "ಫಕೀರಪ್ಪಾ, ಸಾಮಾನು ತಗೊಂಡು ಬಾ" ಎಂದು ಕೂಗಿದ. ಒಬ್ಬ ಬಂದು ನಿಂತ. ನಾನು ಕಾಗದ ನೋಡುತ್ತ, "ತಂದಿ ಹೆಸರು ಹನುಮಂತಪ್ಪ?" ಎಂದೆ. "ಹೂಂರಿ" ಎಂದ. ಮೈಮೇಲಿನ ಗುರುತು ನೋಡಬೇಕು, ಅದು ನಿಯಮ. ನಾನು ನೋಡಿದ್ದು ಸುಣ್ಣದವನು ಬಿಟ್ಟ ಒಂದು ಮೂಲೆಯನ್ನು.

ಮಧ್ಯಾಹ್ನ ನಾಲ್ಕರ ಸುಮಾರಿಗೆ ಗೇಟಿನ ಕಾವಲಿನವನು ಬಂದು, ಒಬ್ಬ ಹೆಣ್ಣುಮಗಳು ಕೇಳುತ್ತಿದ್ದಾಳೆ ಎಂದ. ಹೊರಗೆ ಬಂದೆ. ಬೇವಿನ ನೆರಳಿನಲ್ಲಿ ಶಾಂತವ್ವ ಎಂಬಾಕೆ, ಕೈಯಲ್ಲಿ ಮಡಿಚಿದ ಅಂಗಿ. ಗಿಡ್ಡ ಫಕೀರಪ್ಪನ ಹೆಂಡತಿ.

"ನಿನ್ನ ಗಂಡ ಮುಂಜಾನೇನ ಹೋದನಲ್ಲವಾ" ಎಂದೆ.

"ನಾ ಮೊದಲ ಬಸ್ಸಿಗೆ ಬಂದು ಇಲ್ಲೇ ಕುಂತೀನ್ರಿ ಸಾಹೇಬ್ರ. ಒಬ್ಬರ ಹೊರಗ ಬಂದ್ರು. ಅವರು ನಮ್ಮ ಮನಿಯವರಲ್ರಿ."

ಒಳಗೆ ಓಡಿದೆ. ಗಿಡ್ಡ ಫಕೀರಪ್ಪ ಅಂಗಳದ ಮೂಲೆಯಲ್ಲಿ ಜ್ವಾಳ ಹಸನು ಮಾಡುತ್ತ ಕುಳಿತಿದ್ದ. ಮುಂಜಾನೆಯ ಕೂಗು ಅವನ ಕಿವಿಗೆ ಬಿದ್ದಿರಲಿಲ್ಲ.

ನಮ್ಮ ಹೆಡ್ ವಾರ್ಡರ್ ಹಳೆಯ ಮನುಷ್ಯ, ನನ್ನ ಮೇಲೆ ಪ್ರೀತಿ ಇದ್ದವನು. ಬಾಗಿಲು ಎಳೆದುಕೊಂಡು ಮೆಲ್ಲಗೆ ಹೇಳಿದ: "ಸಾಹೇಬ್ರ, ಆ ಮನಷ್ಯಾ ಸಿಗೂತನಕ ಇವನ್ನ ಇಟ್ಕೊಂಬಿಡ್ರಿ. ಕಾಗದದಾಗ ತಪ್ಪೈತಿ, ನಾಡದ್ದು ಬಾ ಅಂತ ಆಕಿಗೆ ಹೇಳೂಣು. ಒಬ್ಬ ಫಕೀರಪ್ಪ ಹ್ವಾದ, ಒಬ್ಬ ಒಳಗದಾನ. ಎಣಿಕಿ ಸರಿ ಐತ್ರಿ."

ಎಣಿಕೆ ನಿಜವಾಗಿಯೂ ಸರಿ ಇತ್ತು! ಅದೇ ನನ್ನನ್ನು ಕಂಗೆಡಿಸಿದ್ದು. ಅವನನ್ನು ಬಿಟ್ಟರೆ ನನ್ನ ತಪ್ಪನ್ನು ನಾನೇ ಬರೆದು ಸಹಿ ಮಾಡಿದಂತೆ. ಇಟ್ಟುಕೊಂಡರೆ ಯಾರಿಗೂ ತಿಳಿಯುವುದಿಲ್ಲ, ಆ ಹೆಣ್ಣುಮಗಳ ಹೊರತು. ಹೊರಗೆ ಹೋಗಿ ಆಕೆಗೆ, "ಒಂದ್ ತಾಸು ಕುಂಡ್ರವಾ, ಕಾಗದ ನೋಡಬೇಕು" ಎಂದೆ. ನೋಡಲು ಯಾವ ಕಾಗದವೂ ಇರಲಿಲ್ಲ. ಕುರ್ಚಿಯಲ್ಲಿ ಕುಳಿತು ಒಂದು ತಾಸು ನನ್ನ ನೌಕರಿಯನ್ನೇ ನೋಡಿದೆ. ಕಿಟಕಿಯಿಂದ ಆಕೆ ಕಾಣುತ್ತಿದ್ದಳು. ಒಮ್ಮೆಯೂ ಎದ್ದು ಬಂದು ಕೇಳಲಿಲ್ಲ. ಕೇಳಿದ್ದರೆ ಗದರಿಸಿ ಕಳಿಸುತ್ತಿದ್ದೆನೋ ಏನೋ. ಸುಮ್ಮನೆ ಕಾದವಳ ಎದುರು ಸುಳ್ಳು ಹೇಳುವುದು ಆಗಲಿಲ್ಲ.

ಗಿಡ್ಡ ಫಕೀರಪ್ಪನನ್ನು ಕರೆಸಿ, ಮಚ್ಚೆ ನೋಡಿ, ಸಹಿ ಹಾಕಿಸಿ ಬಿಟ್ಟೆ. ಮೇಲಿನ ಸಾಹೇಬರಿಗೆ ಫೋನ್ ಮಾಡಿ ಇದ್ದದ್ದು ಇದ್ದಂಗೆ ಹೇಳಿದೆ. ಆ ಕಡೆಯಿಂದ ಬಂದ ಮಾತುಗಳನ್ನು ಇಲ್ಲಿ ಬರೆಯಲಾಗದು. ಇಬ್ಬರು ಪೊಲೀಸರೊಂದಿಗೆ ಜೀಪು ಹತ್ತಿ ಮಾಗಡಿ ದಾರಿ ಹಿಡಿದೆ.

ಮುಗಿಲ ಅಂಚಿಗೆ ಮೋಡ ಕಟ್ಟಿತ್ತು, ಇನ್ನೂ ಬೆಳಕಿತ್ತು. ಉದ್ದ ಫಕೀರಪ್ಪ ಓಡಿಹೋಗಿರಲಿಲ್ಲ. ತನ್ನ ಮನೆಯ ಮಣ್ಣಿನ ಮಾಳಿಗೆಯ ಮೇಲೆ ನಿಂತು ಹೊಸ ಮಣ್ಣು ತುಳಿಯುತ್ತಿದ್ದ. ಜೀಪು ಕಂಡು ಅಲ್ಲಿಂದಲೇ ಕೈಮುಗಿದ.

"ಬಂದ್ರ್ಯಾ ಸಾಹೇಬ್ರ? ನಾಳಿ ಮುಂಜಾನಿ ನಾನ ಬರಾವಿದ್ದೆ. ಒಂದೀಟು ನಿಲ್ರಿ, ಈ ಮೂಲಿ ಒಂದು ಉಳದೈತಿ."

"ಇಳೀಲೇ ಕೆಳಗ" ಎಂದ ಪೊಲೀಸಿನವನು.

"ಯಾಕ ಹೀಂಗ ಮಾಡಿದಿ?" ಎಂದು ನಾನು ಕೇಳಿದೆ.

"ಹೋದ ಮಳಿಗಾಲಕ್ಕ ಈ ಮೂಲಿ ಕುಸದು ನನ್ನ ಮಗಳ ಕೈ ಮುರದಿತ್ರಿ. ಮುಂಜಾನಿ ನೀವು ತಂದಿ ಹೆಸರು ಓದಿದ್ರಿ. ಹನುಮಂತಪ್ಪ ಅಲ್ಲ ಅನ್ನವಿದ್ದೆ. ನೀವು ನನ್ನ ಮಾರೀನ ನೋಡಲಿಲ್ಲ. ಮಾಳಿಗಿ ನೆನಪಾತು, ಹೂಂ ಅಂದೆ."

ಪೊಲೀಸರಿಗೆ ನಿಲ್ಲಲು ಹೇಳಿ, ಕೆಳಗಿದ್ದ ಮಣ್ಣಿನ ಬುಟ್ಟಿ ಎತ್ತಿಕೊಟ್ಟೆ. ಒಂಬತ್ತು ಬುಟ್ಟಿ ಹಿಡಿಯಿತು. ಕೊನೆಯ ನಾಲ್ಕನ್ನು ಗದರಿಸಿದ ಪೊಲೀಸಪ್ಪನೇ ಕೊಟ್ಟ. ಆಮೇಲೆ ಫಕೀರಪ್ಪ ಕೈಕಾಲು ತೊಳೆದುಕೊಂಡು, ಮಗಳ ತಲೆ ಸವರಿ, ತಾನೇ ಜೀಪು ಹತ್ತಿದ. ನಾವು ಊರು ದಾಟುವಾಗ ಮಳೆ ಬಂತು. ಅವನು ಒಮ್ಮೆ ಹಿಂದೆ ತಿರುಗಿ ನೋಡಿ, ಹಾಯಾಗಿ ಒರಗಿ ಕುಳಿತ.

ನ್ಯಾಯಾಧೀಶರು ಅವನನ್ನೂ ನನ್ನನ್ನೂ ಬೈದರು, ನನ್ನನ್ನು ಹೆಚ್ಚು. ನೌಕರಿ ಹೋಗುವುದೆಂದು ನಂಬಿ ಕುಳಿತಿದ್ದವನಿಗೆ ಬಂದದ್ದು ಲಿಖಿತ ಎಚ್ಚರಿಕೆ. ಎರಡು ತಿಂಗಳಿಗೆ ಉದ್ದ ಫಕೀರಪ್ಪನ ಬಿಡುಗಡೆಯೂ ಆಯಿತು. ಕಾಗದ ಬದಿಗಿಟ್ಟು ಮೋರೆ ನೋಡಿದೆ. "ಈ ಸಲ ನಾನರೀ ಸಾಹೇಬ್ರ" ಎಂದು ನಕ್ಕ.

ಈ ಕಥೆಯನ್ನು ಮದುವೆಗಳಲ್ಲಿ, ಪಂಕ್ತಿಯಲ್ಲಿ ಎಷ್ಟೋ ಸಲ ಹೇಳಿ ನಗಿಸಿದ್ದೇನೆ. ಪ್ರತಿ ಸಲವೂ ಆ ಒಂದು ತಾಸನ್ನು ಬಿಟ್ಟು ಹೇಳಿದ್ದೇನೆ. ಆ ತಾಸಿನಿಂದಾಗಿ ಗಂಡ ಹೆಂಡತಿಗೆ ಮುಂಡರಗಿಯ ಕೊನೆಯ ಬಸ್ಸು ತಪ್ಪಿ, ಬಸ್ ಸ್ಟ್ಯಾಂಡಿನಲ್ಲಿ ಮಲಗಿದರೆಂದು ಆಮೇಲೆ ಕೇಳಿದ್ದೆ. ಮೊನ್ನೆ ಅದನ್ನು ನನ್ನ ಹೆಂಡತಿಗೆ ಹೇಳಿದೆ. ಕಾಯಿಪಲ್ಲೆ ಸೋಸುತ್ತಿದ್ದವಳು ತಲೆ ಎತ್ತಲಿಲ್ಲ. "ಅವರ ಊರು ಗೊತ್ತೈತಲ್ಲ, ಹೋಗಿ ಬರ್ರಿ" ಎಂದಳಷ್ಟೆ.

ಇವತ್ತು ಹೋಗಿದ್ದೆ. ಗಿಡ್ಡ ಫಕೀರಪ್ಪನ ಮೇಲಿನ ಆರೋಪ ಎಂದೋ ಬಿದ್ದುಹೋಗಿದೆ. ಈಗ ಶೇಂಗಾ ಬೆಳೆಯುತ್ತಾನೆ. ಕಟ್ಟೆಯ ಮೇಲೆ ಕುಳಿತು ತಡವರಿಸುತ್ತ ಎಲ್ಲ ಹೇಳಿದೆ. ಶಾಂತವ್ವ ಕೇಳಿಸಿಕೊಂಡಳು.

"ಒಂದ್ ತಾಸು ಕುಂಡ್ರಿಸಿದ್ದಕ್ಕ ಇಷ್ಟು ದೂರ ಬಂದ್ರ್ಯಾ? ಇವರನ್ನ ಹನ್ನೊಂದು ತಿಂಗಳು ಒಳಗ ಕುಂಡ್ರಿಸಿದವರು ಯಾರೂ ಬಂದಿಲ್ರಿ."

ಫಕೀರಪ್ಪ ನಕ್ಕ. "ಬಸ್ ಸ್ಟ್ಯಾಂಡಿನ ಚಿಂತಿ ಬಿಡ್ರಿ ಸಾಹೇಬ್ರ. ಸುತ್ತ ಎಲ್ಲೂ ಬಾಗಲಾ ಇರಲಿಲ್ಲ. ಅಂಥಾ ನಿದ್ದಿ ನನಗ ಮತ್ತ ಹತ್ತಿಲ್ಲ."

ಊಟ ಮಾಡಿಸಿಯೇ ಕಳಿಸಿದರು. ಬರುವಾಗ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿದ್ದಷ್ಟೇ ನೆನಪು. ಗದಗ ಬಂದಾಗ ಕಂಡಕ್ಟರ್ ಭುಜ ಅಲುಗಿಸಿ ನನ್ನನ್ನು ಎಬ್ಬಿಸಬೇಕಾಯಿತು.