ಬೊಂಡಾಸದ ಚರ್ಮ ಸುಲಿಯುವ ಶಿವದೇವಿ

ಬೆಳಗಿನ ಐದೂವರೆ. ಸಿಕಂದರಾಬಾದ್ ರೈಲು ನಿಲ್ದಾಣದ ಪಾರ್ಸಲ್ ಕಚೇರಿಯ ಮುಂದೆ ಶಿವದೇವಿ ಥರ್ಮಕೋಲ್ ಡಬ್ಬಿಯ ಮುಚ್ಚಳ ಎತ್ತಿ ಮಂಜುಗಡ್ಡೆಯೊಳಗೆ ಕೈ ಇಳಿಸುತ್ತಾರೆ. ಕಾಕಿನಾಡದಿಂದ ರಾತ್ರಿಯಿಡೀ ಪ್ರಯಾಣ ಮಾಡಿ ಬಂದ ಹನ್ನೆರಡು ಬೊಂಡಾಸಗಳು ಅದರಲ್ಲಿವೆ. ಆಕ್ಟೋಪಸ್ಸಿನ ದಾಯಾದಿಯಾದ ಈ ಕಡಲಜೀವಿಯನ್ನು ಪ್ರಯೋಗಾಲಯದವರು ಸ್ಕ್ವಿಡ್ ಎನ್ನುತ್ತಾರೆ. ಒಂದೊಂದನ್ನೇ ತಿರುವಿ ನೋಡಿ, ಚರ್ಮ ತರಚಿದ ಮೂರನ್ನು ಬೇರೆ ಇಡುತ್ತಾರೆ. "ಇವು ಮಷೀನಿಗೆ ನಡ್ಯಂಗಿಲ್ರಿ. ಒಂದು ಗೆರಿ ಬಿದ್ದಿದ್ರೂ ಅಲ್ಲೇ ಹರೀತಾವ."

ನಲವತ್ತೊಂಬತ್ತು ವರ್ಷದ ಶಿವದೇವಿ ಬಸವಕಲ್ಯಾಣದ ಕಡೆಯವರು, ಏಳನೇ ತರಗತಿ ಓದಿದವರು. ಗಂಡ ಗುರುಸಿದ್ದಪ್ಪ ಇಲ್ಲಿನ ರಕ್ಷಣಾ ಕಾರ್ಖಾನೆಯೊಂದರಲ್ಲಿ ಲೇಥ್ ನಡೆಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ಸಿಕ್ಕಿದ್ದು ಅದೇ ಸಂಸ್ಥೆಯ ಪ್ರಯೋಗಾಲಯದ ಅಟೆಂಡರ್ ಕೆಲಸ. "ನಮ್ಮ ಮನ್ಯಾಗ ತತ್ತೀನೂ ತರೂದಿಲ್ರಿ. ಮೊದಲನೇ ದಿವಸ ವಾಸನಿಗೇ ವಾಂತಿ ಆತು. ಎರಡನೇ ದಿವಸ ಮೂಗಿಗೆ ಸೆರಗು ಕಟ್ಟಿಕೊಂಡು ಹೋದೆ."

ಬೊಂಡಾಸದಂಥ ಜೀವಿಗಳ ಚರ್ಮ ಎಷ್ಟು ಹಿಗ್ಗಿ ಕುಗ್ಗಿದರೂ ಸುಲಭಕ್ಕೆ ಹರಿಯುವುದಿಲ್ಲ. ಆ ಗುಟ್ಟು ತಿಳಿದು ಅಂಥದೇ ಮೆತ್ತನೆಯ ರಬ್ಬರ್ ಹಾಳೆ ಮಾಡಬೇಕೆಂಬುದು ಇಲ್ಲಿನ ವಿಜ್ಞಾನಿ ವಿನಾಯಕ ಅವರ ಹಟ. ಅದಕ್ಕೆ ತಾಜಾ ಚರ್ಮವನ್ನು ಯಂತ್ರಕ್ಕೆ ಸಿಕ್ಕಿಸಿ, ಎಷ್ಟು ಎಳೆದರೆ ಹರಿಯುತ್ತದೆಂದು ಅಳೆಯಬೇಕು. ಈರುಳ್ಳಿ ಪೊರೆಗಿಂತ ತೆಳುವಾದ ಆ ಚರ್ಮವನ್ನು ಗೀರಿಲ್ಲದೆ ಸುಲಿಯುವುದು ಶಿವದೇವಿಯ ಕೆಲಸ. ವಾರಕ್ಕೆ ಮೂರು ದಿನ, ದಿನಕ್ಕೆ ಎಂಟೊಂಬತ್ತು. ಆರು ವರ್ಷದಲ್ಲಿ ಏಳು ಸಾವಿರ ದಾಟಿದೆ. ಕಲಿಯಲು ಬಂದ ಮೂವರು ಸಂಶೋಧಕರು ಒಬ್ಬರಾದ ಮೇಲೊಬ್ಬರು ಮಾದಾಪುರದ ಐಟಿ ಕಂಪನಿಗಳ ಗಾಜಿನ ಕಟ್ಟಡಗಳ ಪಾಲಾದರು. ಉಳಿದವರು ಇವರೊಬ್ಬರೇ.

ಕೆಲವು ದಿನ ಸತ್ತ ಬೊಂಡಾಸದ ಮೈಮೇಲೆ ಕಂದು ಚುಕ್ಕೆಗಳು ಅರಳಿ ಮುಚ್ಚುತ್ತಿರುತ್ತವೆ. ಆಗ ಶಿವದೇವಿ ಚಾಕು ಕೆಳಗಿಟ್ಟು ಕಾಯುತ್ತಾರೆ. "ಜೀವ ಹೋಗೈತಿ ಅಂತ ಚರ್ಮಕ್ಕ ಇನ್ನೂ ತಿಳಿದಿರಂಗಿಲ್ರಿ. ಅದು ಸುಮ್ಮನಾಗೂತನಕ ಹೆಂಗ ಕೈ ಹಚ್ಚೂದು?"

ವಿನಾಯಕರ ರಬ್ಬರ್ ಹಾಳೆ ನಾನೂರು ಸಲ ಉಬ್ಬಿಸುವಷ್ಟರಲ್ಲಿ ಸೀಳುತ್ತಿತ್ತು. ಒಂದು ದಿನ ಶಿವದೇವಿಯೇ ಹೇಳಿದರು: "ಸರ್, ಚರ್ಮದಾಗ ಎಳಿ ಅದಾವರಿ. ಸೀರಿಯಂಗ ಅಡ್ಡ ಉದ್ದ ಅಲ್ಲ, ಓರಿ ಹಾದಾವ. ಬೆರಳಿಗೆ ಹತ್ತತೈತಿ." ರಬ್ಬರಿನೊಳಗೆ ದಾರಗಳನ್ನು ಓರೆಯಾಗಿ ಹಾಯಿಸಿ ನೋಡಿದರೆ ಹಾಳೆ ಹನ್ನೊಂದು ಸಾವಿರ ಸಲ ಉಬ್ಬಿಯೂ ತಡೆಯಿತು. ಪ್ರಬಂಧ ಅಚ್ಚಾಯಿತು. ಅದರಲ್ಲಿ ನಾಲ್ಕು ಹೆಸರುಗಳಿವೆ. ಶಿವದೇವಿಯದಿಲ್ಲ.

ಈ ಜನವರಿಯ ಒಂದು ಬೆಳಿಗ್ಗೆ ಅವರ ಕೈಯಲ್ಲಿ ಸಾಲಾಗಿ ಐದು ಚರ್ಮ ಹರಿದವು. ಮಾಲು ಹಳಸಿದೆ ಎಂದುಕೊಂಡ ವಿನಾಯಕರು ಕಾಕಿನಾಡದ ವ್ಯಾಪಾರಿ ಸತೀಶನಿಗೆ ಇನ್ನು ಕಳಿಸಬೇಡ ಎಂದು ಪತ್ರ ಬರೆಸಿದರು. ಅಂಚೆಗೆ ಹಾಕಲು ಅದನ್ನು ಕೊಟ್ಟದ್ದು ಶಿವದೇವಿಯ ಕೈಗೇ. ಉಪ್ಪುನೀರು, ಮಂಜುಗಡ್ಡೆಯಲ್ಲಿ ಅವರ ಬೆರಳ ತುದಿಗಳು ಬಿರಿದು, ಸ್ಪರ್ಶ ಕುಂದುತ್ತಾ ಬಂದು ಎರಡು ವರ್ಷವಾಗಿತ್ತು. ಈ ಕೆಲಸ ಬಿಡಿ ಎಂದಿದ್ದ ಮೆಹದಿಪಟ್ಟಣಂನ ಡಾಕ್ಟರರ ಮಾತನ್ನು ಅವರು ಯಾರಿಗೂ ಹೇಳಿರಲಿಲ್ಲ.

ಲಕೋಟೆ ಹಿಡಿದು ಗೇಟಿನತನಕ ಹೋದವರು ವಾಪಸ್ ಬಂದರು. "ಆತನ ಮಾಲು ಚಲೋ ಐತ್ರಿ ಸರ್. ನನ್ನ ಬೆರಳಿಗೇ ತಿಳೀವಲ್ತು."

ವಿನಾಯಕರು ಲಕೋಟೆ ಇಸಿದುಕೊಂಡು ಮೇಜಿನ ಮೇಲಿಟ್ಟರು. "ಮೊದಲೇ ಯಾಕ ಹೇಳಲಿಲ್ಲ ಶಿವದೇವಕ್ಕಾ?"

"ಹೇಳಿದ್ರ ತೆಗೀತಿದ್ರಿ."

ತೆಗೆದರು. ಬರುವ ಒಂದನೇ ತಾರೀಖಿನಿಂದ ಅವರು ಟಪಾಲು ವಿಭಾಗಕ್ಕೆ. ಈ ಕೆಲಸಕ್ಕೆ ಬೇರೆ ಯಾರನ್ನೂ ಕೊಡುವುದಿಲ್ಲವೆಂದು ಕಚೇರಿ ತಿಳಿಸಿದೆ. ಎಳೆಯುವ ಯಂತ್ರಕ್ಕೆ ಆಗಲೇ ಪ್ಲಾಸ್ಟಿಕ್ ಹೊದಿಕೆ ಬಂದಿದೆ. ಉಳಿದ ನಾಲ್ಕು ದಿನಕ್ಕಾಗಿ ಅದನ್ನು ದಿನವೂ ತೆಗೆದು ಹೊದಿಸುತ್ತಾರೆ. ಬಲಗೈಯ ಉಂಗುರ ಬೆರಳೊಂದರಲ್ಲಿ ಇನ್ನೂ ಸ್ಪರ್ಶವಿದೆ. ಅದನ್ನು ನಂಬಿ ನಿಧಾನವಾಗಿ ಸುಲಿಯುತ್ತಾರೆ, ದಿನಕ್ಕೆ ಎರಡು.

ವರ್ಗಾವಣೆಯ ಸುದ್ದಿ ನೆಂಟರಿಗೂ ಮುಟ್ಟಿದೆ. ಇಷ್ಟು ವರ್ಷ ಗುರುಸಿದ್ದಪ್ಪನವರ ಪುಣ್ಯತಿಥಿಯ ದಿನ ನಾದಿನಿ ಕಮಲಾಕ್ಷಿ, ಸತ್ತ ಜೀವಿ ಮುಟ್ಟುವ ಕೈ ಎಂದು, ಇವರನ್ನು ಅಡುಗೆಮನೆಗೆ ಬಿಟ್ಟುಕೊಂಡಿಲ್ಲ. ಗಂಡನ ಹೆಸರಿನ ಹೋಳಿಗೆಯನ್ನು ಬೇರೆಯವರು ಲಟ್ಟಿಸುವಾಗ ಶಿವದೇವಿ ಪಡಸಾಲೆಯಲ್ಲಿ ಕೂತಿರುತ್ತಿದ್ದರು. ಮೊನ್ನೆ ಕಮಲಾಕ್ಷಿಯೇ ಫೋನ್ ಮಾಡಿದ್ದಾಳೆ.

"'ಆ ಹೊಲಸು ಕೆಲಸ ಬಿಟ್ಟೀರಂತಲ್ಲ ವೈನಿ, ಈ ಸಲ ಹೋಳಿಗಿ ನೀವೇ ಮಾಡ್ರಿ' ಅಂದಳ್ರಿ."

ಏನೆಂದಿರಿ ಎಂದು ಕೇಳಿದರೆ ಶಿವದೇವಿ ಚಾಕು ಒರೆಸಿ ಪಕ್ಕಕ್ಕಿಡುತ್ತಾರೆ.

"ನಾ ಬಿಟ್ಟಿಲ್ಲವ್ವಾ, ಬಿಡಿಸ್ಯಾರ ಅಂದೆ. ಹೋಳಿಗಿ ಮಾಡತೀನಿ, ಇವೇ ಕೈಲೆ ಮಾಡತೀನಿ. ತಿನ್ನೂದಿದ್ರ ತಿನ್ನು ಅಂದೆ."