ಖಾಲಿ ಹೊಟ್ಟೆಯ ರಕ್ತ

ನನ್ನ ಓರಗಿತ್ತಿ ಸುನೈನಾ ವಾರಕ್ಕೆ ಮೂರು ದಿನ ಉಪವಾಸ. ತೀಜ್ ಬಂದರೆ ಗಂಡನ ಆಯುಸ್ಸಿಗೆಂದು, ಜಿತಿಯಾ ಬಂದರೆ ಮಕ್ಕಳ ಆಯುಸ್ಸಿಗೆಂದು ಹನಿ ನೀರೂ ಇಲ್ಲ. ಹೆಂಡತಿಯ ಆಯುಸ್ಸಿಗೆ ಉಪವಾಸ ಮಾಡುವ ಹಬ್ಬ ನಮ್ಮ ಪಟ್ನಾದಲ್ಲಿ ಇನ್ನೂ ಹುಟ್ಟಿಲ್ಲ.

ಅವಳ ಗಂಡ ಬಿಂದೇಶ್ವರ, ಅಂದರೆ ನನ್ನ ಭಾವ, ಆಸ್ಪತ್ರೆಯ ಲ್ಯಾಬಿನವನು. ಪಿತ್ತಕೋಶದಲ್ಲಿ ಕಲ್ಲಿದ್ದವರ ರಕ್ತದಲ್ಲೂ ಪಿತ್ತದಲ್ಲೂ ಕೊಬ್ಬು ಎಷ್ಟಿದೆ ಎಂದು ಅಳೆಯುವುದು ಅವನ ಕೆಲಸ. ಹೋಲಿಸಿ ನೋಡಲು ಕಲ್ಲಿಲ್ಲದವರ ರಕ್ತವೂ ಬೇಕಿತ್ತು, ಅದೂ ಖಾಲಿ ಹೊಟ್ಟೆಯದು. ಭಾವ ದೂರ ಹೋಗಲಿಲ್ಲ, ಹೆಂಡತಿಯ ತೋಳಿಗೇ ಸೂಜಿ ಚುಚ್ಚಿದ. ರಕ್ತ ಚೊಕ್ಕವಾಗಿತ್ತು. ಆರೋಗ್ಯವಂತರ ಪಟ್ಟಿಗೆ ಸೇರಿಸುವ ಮೊದಲು ಹೊಟ್ಟೆಯ ಸ್ಕ್ಯಾನಿಂಗ್ ಆಗಬೇಕು. ಅವಳು ಆ ಸರತಿಯಲ್ಲಿ ನಿಂತರೆ ಮಧ್ಯಾಹ್ನದ ಅಡುಗೆ ತಪ್ಪುತ್ತದೆಂದು 'ಕಲ್ಲಿಲ್ಲ' ಎಂದು ತಾನೇ ಬರೆದುಬಿಟ್ಟ.

ಆ ವರ್ಷವೇ ಅವಳಿಗೆ ಬಲಪಕ್ಕೆಯಲ್ಲಿ ಹಿಂಡುವ ನೋವು ಶುರುವಾಯಿತು.

"ಗ್ಯಾಸು. ಓಮ ಜಗಿ. ನಿನ್ನ ರಕ್ತ ನಾನೇ ನೋಡಿದೀನಿ, ನನ್ನದಕ್ಕಿಂತ ಚೆನ್ನಾಗಿದೆ," ಅಂದ ಭಾವ.

"ನೋವಿರೋದು ಹೊಟ್ಟೇಲಿ ಕಣ್ರೀ."

"ಲ್ಯಾಬಲ್ಲಿರೋದು ನೀನೋ ನಾನೋ?"

ಎಲ್ಲ ನನ್ನ ಕಿವಿಗೆ ಬೀಳುತ್ತಿತ್ತು. ನಮ್ಮಲ್ಲಿ ತಮ್ಮನ ಹೆಂಡತಿ ಭಾವನೆದುರು ಮುಸುಕು ಸರಿಸುವುದಿಲ್ಲ, ಬಾಯಿ ಬಿಡುವುದಿಲ್ಲ. ನಾನೂ ಮರ್ಯಾದೆ ಕಾಪಾಡಿದೆ. ಆ ಮರ್ಯಾದೆಗಿಷ್ಟು ಬೆಂಕಿ ಹಾಕ.

ಮೂರನೇ ವರ್ಷ ಅವಳ ಕಣ್ಣು ಅರಿಶಿನದ ಹಾಗಾಯಿತು. ಹೊಟ್ಟೆ ಕೊಯ್ದರೆ ಪಿತ್ತಕೋಶದ ತುಂಬ ಕಲ್ಲು, ಜೊತೆಗೆ ಕ್ಯಾನ್ಸರ್. ತೆಗೆದ ಪಿತ್ತ ಸೀಸೆಯಲ್ಲಿ ಭಾವನ ಮೇಜಿಗೇ ಬಂತು, ಮೇಲೆ ಅವಳ ಹೆಸರು.

ಲ್ಯಾಬಿನ ಮೇಲಿನ ಡಾಕ್ಟರಮ್ಮ ಪಟ್ಟಿ ತಿರುವಿ ಕೇಳಿದರಂತೆ: "ಬಿಂದೇಶ್ವರ್ ಬಾಬು, ಇವರ ಹೆಸರು ಕಲ್ಲಿದ್ದವರಲ್ಲೂ ಇಲ್ಲದವರಲ್ಲೂ ಎರಡೂ ಕಡೆ ಇದೆಯಲ್ಲ? ರಕ್ತ ಚೊಕ್ಕ ಇದ್ರೂ ಪಿತ್ತ ಕೆಟ್ಟಿರಬಹುದು ಅಂತ ಹತ್ತು ವರ್ಷದಿಂದ ಅಳೀತಿರೋದು ನೀವೇ ಅಲ್ವಾ?"

ಆರೋಗ್ಯವಂತರ ಪಟ್ಟಿಯಿಂದ ಹೆಸರು ಹೊಡೆದರು. ಎರಡು ತಿಂಗಳಿಗೆ ಅವಳೂ ಹೋದಳು.

ವರ್ಷಾಂತಿಕ ಮುಗಿದ ಮೇಲೆ ಮೊದಲ ತೀಜ್ ಬಂತು. ಬೆಳಿಗ್ಗೆ ಭಾವ ಸೂಜಿಯ ಡಬ್ಬಿ ಹಿಡಿದು ಅಂಗಳದಲ್ಲಿ ನಿಂತು, ನನಗಲ್ಲ, ಗೋಡೆಗೆ ಹೇಳಿದ: "ಪಟ್ಟಿಯಲ್ಲಿ ಒಂದು ಕಡಿಮೆ ಬಿದ್ದಿದೆ. ಹೇಗೂ ಇವತ್ತು ಮನೇಲಿ ಖಾಲಿ ಹೊಟ್ಟೇಲೇ ಇರ್ತಾರೆ."

ನಾನು ಮುಸುಕು ಸರಿಸಿದೆ. ರಾತ್ರಿಯ ತಂಗಳು ರೊಟ್ಟಿಗೆ ಉಪ್ಪು ಹಚ್ಚಿಕೊಂಡು ಅವನೆದುರೇ ನಿಂತು, ಕೊನೆಯ ಚೂರಿನವರೆಗೂ ತಿಂದೆ.

"ನನ್ನ ಹೊಟ್ಟೆ ತುಂಬಿದೆ, ಭಾವ."

ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ ಅವನೊಡನೆ ಆಡಿದ ಮೊದಲ ಮಾತು ಅದು. ಸುನೈನಾ ಅಕ್ಕ ಓಮ ಜಗಿಯುತ್ತಿದ್ದಾಗ ಆಡಬೇಕಿತ್ತು.